ನುಂಗಿದ್ದು ಇಳಿಯಬೇಕು: ಅನ್ನನಾಳದ ಹಳೆಯ ಉರಿಯೂತ, ವರ್ಷಗಟ್ಟಲೆಯ ಮದ್ದು

ಮಂಡ್ಯ ಸೀಮೆಯಲ್ಲಿ ಮುದ್ದೆಯನ್ನು ಅಗಿಯುವುದಿಲ್ಲ, ನುಂಗುತ್ತಾರೆ. ಹೊರಗಿನಿಂದ ಬಂದ ನೆಂಟರು ಅಗಿಯಲು ಹೋಗಿ, ಹಲ್ಲಿಗೆ ಮೆತ್ತಿಕೊಂಡು ಪೇಚಾಡುವುದನ್ನು ನೋಡಿ ಮನೆಮಂದಿ ನಗುವುದುಂಟು. ತುತ್ತು ಮುರಿದು ಉಂಡೆ ಮಾಡಿ, ಉಪ್ಸಾರಿನಲ್ಲೋ ಬಸ್ಸಾರಿನಲ್ಲೋ ಅದ್ದಿ ಬಾಯಿಗಿಟ್ಟರೆ ಹಲ್ಲಿಗೆ ಕೆಲಸವಿಲ್ಲ, ಮಿಕ್ಕಿದ್ದೆಲ್ಲ ಅನ್ನನಾಳದ್ದು. ನಾಗಮಂಗಲ, ಕೆ.ಆರ್. ಪೇಟೆ, ಪಾಂಡವಪುರ, ಶ್ರೀರಂಗಪಟ್ಟಣ ಈ ನಾಲ್ಕು ತಾಲ್ಲೂಕಿನ ರೈತನ ಅನ್ನನಾಳ ಹೀಗೆ ದಿನಕ್ಕೆರಡು ಹೊತ್ತು ಪರೀಕ್ಷೆಗೆ ಕೂರುತ್ತದೆ.

ಅದು ಸೋತಾಗ ಜನ ಮೊದಲು ಆಸ್ಪತ್ರೆಗೆ ಹೋಗುವುದಿಲ್ಲ, ಉಣ್ಣುವ ಕ್ರಮ ಬದಲಿಸಿಕೊಳ್ಳುತ್ತಾರೆ. ಉಂಡೆ ಚಿಕ್ಕದಾಗುತ್ತದೆ. ಸಾರು ನೀರಾಗುತ್ತದೆ. ತಟ್ಟೆಯ ಪಕ್ಕದ ಚೆಂಬು ಊಟ ಮುಗಿಯುವಷ್ಟರಲ್ಲಿ ಬರಿದಾಗಿರುತ್ತದೆ. ಚಪಾತಿ ಬೇಡ, ಉದುರು ಅನ್ನ ಬೇಡ, ಬೀಗರೂಟಕ್ಕೆ ಹೋದರೆ ತುಂಡು ಬೇಡ, ಬರೀ ಸಾರು ಸಾಕು. ಮನೆಯವರು ಇದನ್ನು ಸ್ವಭಾವವೆಂದೇ ಬಗೆಯುತ್ತಾರೆ: ‘ಅವನದು ನಿಧಾನದ ಊಟ’, ‘ಅವಳಿಗೆ ಬಾಡು ಸೇರಲ್ಲ’. ಹೀಗೇ ಎಂಟು ಹತ್ತು ವರ್ಷ ಕಳೆದುಬಿಡಬಹುದು. ಈ ಹೊಂದಾಣಿಕೆಯ ಹಿಂದೆ ಅವಿತಿರಬಹುದಾದ ಒಂದು ಕಾಯಿಲೆ, ಕಳೆದ 30 ವರ್ಷಗಳಲ್ಲಿ ಅದಕ್ಕೆ ಸಿಕ್ಕಿರುವ ಮದ್ದುಗಳು, ಪ್ರಯೋಗಗಳ ಆಚೆ ದಿನಬಳಕೆಯಲ್ಲಿ ಆ ಮದ್ದುಗಳು ಎಷ್ಟು ಬಾಳುತ್ತವೆ ಎಂಬುದು, ಇವಿಷ್ಟು ಇಲ್ಲಿನ ವಿಷಯ.

ಕಾಯಿಲೆಯ ಹೆಸರು ಈಸಿನೊಫಿಲಿಕ್ ಈಸೊಫೆಜೈಟಿಸ್. ಈಸಿನೊಫಿಲ್ ಎನ್ನುವುದು ಬಿಳಿ ರಕ್ತಕಣಗಳ ಒಂದು ಬಗೆ. 1879ರಲ್ಲಿ ಪಾಲ್ ಎರ್ಲಿಕ್ ಬಣ್ಣ ಹಾಕಿ ಬೇರ್ಪಡಿಸಿ ತೋರಿಸಿದ್ದು. ಹುಳುಬಾಧೆ, ಅಲರ್ಜಿ ಇದ್ದಾಗ ಇದರ ಸಂಖ್ಯೆ ಏರುತ್ತದೆ. ಜಠರದಲ್ಲಿ, ಕರುಳಿನಲ್ಲಿ ಈ ಕಣಗಳು ಅಷ್ಟಿಷ್ಟು ಇದ್ದೇ ಇರುತ್ತವೆ. ಆದರೆ ಆರೋಗ್ಯವಂತರ ಅನ್ನನಾಳದ ಒಳಪದರದಲ್ಲಿ ಅವಕ್ಕೆ ಜಾಗವಿಲ್ಲ. ಹಾಲು, ಗೋಧಿಯಂಥ ಆಹಾರದ ಯಾವುದೋ ಪ್ರೋಟೀನಿಗೆ ಅಲ್ಲಿನ ಪದರ ಕೆರಳಿದರೆ, ಅದು ಈಯೊಟ್ಯಾಕ್ಸಿನ್-3 ಎಂಬ ರಾಸಾಯನಿಕ ಸುರಿಸಿ ಈ ಕಣಗಳನ್ನು ತನ್ನತ್ತ ಎಳೆದುಕೊಳ್ಳುತ್ತದೆ. ಎಂಡೋಸ್ಕೋಪಿಯಲ್ಲಿ ತೆಗೆದ ಚೂರನ್ನು ಸೂಕ್ಷ್ಮದರ್ಶಕದ ಹೆಚ್ಚು ವರ್ಧನೆಯಲ್ಲಿ ನೋಡಿದಾಗ ಒಂದು ನೋಟಕ್ಕೆ 15 ಅಥವಾ ಅದಕ್ಕಿಂತ ಹೆಚ್ಚು ಈಸಿನೊಫಿಲ್ ಕಂಡು, ಜೊತೆಗೆ ನುಂಗುವ ತೊಂದರೆಯೂ ಇದ್ದು, ಬೇರೆ ಕಾರಣ ಸಿಗದಿದ್ದರೆ ಈ ಕಾಯಿಲೆ ಎಂದು ತೀರ್ಮಾನ.

ನಮ್ಮ ಕಡೆ ‘ಇಸ್ನೋಫಿಲಿಯಾ’ ಗೊತ್ತಿಲ್ಲದ ಮನೆ ಕಡಿಮೆ. ಸೀನು, ನೆಗಡಿ, ತೀರದ ಕೆಮ್ಮು ಎಲ್ಲಕ್ಕೂ ಒಂದು ಕಾಲದಲ್ಲಿ ಅದೇ ಹಣೆಪಟ್ಟಿ. ಅದು ರಕ್ತದ ಲೆಕ್ಕ, ಇದು ಬೇರೆ. ರಕ್ತದಲ್ಲಿ ಎಲ್ಲ ಸರಿಯಿದ್ದು ಅನ್ನನಾಳ ಮಾತ್ರ ಕೆಟ್ಟಿರಬಹುದು, ರಕ್ತದಲ್ಲಿ ಏರಿದ್ದಕ್ಕೆ ಕೊಕ್ಕೆಹುಳುವೂ ಕಾರಣವಿರಬಹುದು. ಅನ್ನನಾಳದ ಸ್ಥಿತಿ ತಿಳಿಯಲು ಅದರ ಚೂರನ್ನೇ ನೋಡಬೇಕು.

ಇದು ಹೊಸದಾಗಿ ಗುರುತಾದ ಕಾಯಿಲೆ. 1978ರಲ್ಲಿ ಒಂದು ಬಿಡಿ ವರದಿ ಬಂದರೂ ಯಾರೂ ಹೆಚ್ಚು ಗಮನಿಸಲಿಲ್ಲ. 1993ರಲ್ಲಿ ಆಟ್‌ವುಡ್ ಮತ್ತು ಸಂಗಡಿಗರು ನುಂಗಲು ಕಷ್ಟಪಡುತ್ತಿದ್ದ 12 ಮಂದಿಯಲ್ಲಿ, ಮರುವರ್ಷ ಸ್ವಿಟ್ಜರ್ಲೆಂಡಿನ ಅಲೆಕ್ಸ್ ಸ್ಟ್ರೌಮನ್ ತಮ್ಮ ರೋಗಿಗಳಲ್ಲಿ ಇದನ್ನು ಪ್ರತ್ಯೇಕ ಕಾಯಿಲೆಯಾಗಿ ವಿವರಿಸಿದರು. 1995ರಲ್ಲಿ ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್‌ನಲ್ಲಿ ಆಸಿಡ್ ಮದ್ದಿಗೂ ಜಗ್ಗದ 10 ಮಕ್ಕಳಿಗೆ ಮಾಮೂಲಿ ಊಟವನ್ನೆಲ್ಲ ನಿಲ್ಲಿಸಿ, ಪ್ರೋಟೀನೇ ಇಲ್ಲದ, ಅಮೈನೋ ಆಮ್ಲಗಳ ಪುಡಿ ಕದಡಿದ ಆಹಾರ ಕೊಟ್ಟರು. 8 ಮಕ್ಕಳ ತೊಂದರೆ ಪೂರ್ತಿ ಹೋಯಿತು, ಉಳಿದಿಬ್ಬರದು ತಗ್ಗಿತು. ಊಟವೇ ಇದರ ಬೇರು ಎಂಬುದು ಅಲ್ಲಿಗೆ ಖಚಿತವಾಯಿತು. ವೈದ್ಯರೆಲ್ಲ ಕೂತು ಒಂದು ಒಮ್ಮತದ ವ್ಯಾಖ್ಯೆ ಬರೆದದ್ದು 2007ರಲ್ಲಿ. ಅಂದರೆ 2000ಕ್ಕೆ ಮುಂಚೆ ಓದು ಮುಗಿಸಿದ ಬಹುತೇಕ ವೈದ್ಯರು ಪಠ್ಯದಲ್ಲಿ ಇದನ್ನು ಕಂಡವರೇ ಅಲ್ಲ.

ಇದು ಪಶ್ಚಿಮದವರ ಕಾಯಿಲೆ, ನಮಗೇಕೆ ಎಂಬ ಮಾತು ಕೇಳಿಬರುತ್ತದೆ. ಅಲ್ಲಿ ಹೆಚ್ಚು ಎನ್ನುವುದು ನಿಜ. ಅಮೆರಿಕದಲ್ಲಿ ಈಗಿನ ಅಂದಾಜು ಸುಮಾರು 700 ಜನಕ್ಕೆ ಒಬ್ಬರು. ಆದರೆ ದೆಹಲಿಯ ಏಮ್ಸ್‌ನಲ್ಲಿ ಎದೆಯುರಿ, ಹುಳಿತೇಗು ಎಂದು ಬಂದವರ ಅನ್ನನಾಳದ ಚೂರು ತೆಗೆದು ನೋಡಿದಾಗ ನೂರಕ್ಕೆ ಸುಮಾರು ಮೂವರಲ್ಲಿ ಇದು ಸಿಕ್ಕಿತು. 2017ರಲ್ಲಿ ಆ ವರದಿ ಪ್ರಕಟವಾಯಿತು. ನೂರಕ್ಕೆ ಮೂರು ಕಡಿಮೆಯಂತೆ ಕಂಡೀತು. ಆದರೆ ಎದೆಯುರಿಯವರು ಎಷ್ಟಿದ್ದಾರೆ ಎಂಬುದನ್ನೂ ನೋಡಬೇಕು. ಭಾರತದ ಹಲವು ಕೇಂದ್ರಗಳು ಸೇರಿ 2011ರಲ್ಲಿ ಪ್ರಕಟಿಸಿದ ಸಮೀಕ್ಷೆ ಆಸಿಡ್ ಮೇಲೆ ಉಕ್ಕುವ ಕಾಯಿಲೆಯವರ ಪ್ರಮಾಣ ನೂರಕ್ಕೆ 7.6 ಎಂದಿತು. ನಾಲ್ಕು ತಾಲ್ಲೂಕಿನ ಯಾವ ಸಂತೆಯಲ್ಲಿ ನಿಂತರೂ ಆ ಲೆಕ್ಕಕ್ಕೆ ಸೇರುವವರು ಕಣ್ಣಿಗೆ ಬಿದ್ದೇ ಬೀಳುತ್ತಾರೆ.

ಅವರೆಲ್ಲರ ಜೇಬಿನಲ್ಲಿ ಒಂದೇ ಮಾತ್ರೆ. ಊರಲ್ಲಿ ಅದಕ್ಕೆ ‘ಗ್ಯಾಸ್ ಮಾತ್ರೆ’ ಅನ್ನುತ್ತಾರೆ. ಚೀಟಿ ಇಲ್ಲದೆಯೇ ಮೆಡಿಕಲ್ ಶಾಪಿನಲ್ಲಿ ಸಿಗುವ ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್, ರಾಬೆಪ್ರಜೋಲ್. ಹಿಂದೆ ಆ ಜಾಗದಲ್ಲಿ ರಾನಿಟಿಡಿನ್ ಇತ್ತು. ಅದರಲ್ಲಿ ಎನ್‌ಡಿಎಂಎ ಎಂಬ ಕಲ್ಮಶ ಕಂಡು 2020ರಲ್ಲಿ ಅಮೆರಿಕ ಅದನ್ನು ಮಾರುಕಟ್ಟೆಯಿಂದ ತೆಗೆಸಿತು. 2022ರಲ್ಲಿ ನಮ್ಮ ಅಗತ್ಯ ಔಷಧಿಗಳ ರಾಷ್ಟ್ರೀಯ ಪಟ್ಟಿಯಿಂದಲೂ ಅದು ಹೊರಬಿತ್ತು. ಈಗ ಮಂಡಿನೋವಿಗೆ ಬರೆದ ಚೀಟಿಯಲ್ಲೂ ಪ್ಯಾಂಟೊಪ್ರಜೋಲ್, ಜ್ವರದ ಚೀಟಿಯಲ್ಲೂ ಅದೇ. ತಪ್ಪು ಮಾತ್ರೆ ಎಂದು ನಾನು ಹೇಳುತ್ತಿಲ್ಲ. ವಿಚಿತ್ರವೆಂದರೆ, ಈ ಲೇಖನದ ಕಾಯಿಲೆಗೂ ಮೊದಲ ಮದ್ದು ಅದೇ ಮಾತ್ರೆ. ತೊಡಕು ಇರುವುದು ಅಲ್ಲಿಯೇ.

ಈ ಮಾತ್ರೆಗಳು ಆಸಿಡ್ ಸ್ರವಿಸುವುದನ್ನು ತಡೆಯುವುದಷ್ಟೇ ಅಲ್ಲ, ಈಯೊಟ್ಯಾಕ್ಸಿನ್-3 ಸುರಿಯುವುದನ್ನೂ ನೇರವಾಗಿ ತಗ್ಗಿಸುತ್ತವೆ ಎಂದು ಪ್ರಯೋಗಾಲಯದಲ್ಲಿ ಗೊತ್ತಾಗಿದೆ. ಮುಂಚೆ ಮಾತ್ರೆಗೆ ಬಗ್ಗಿದರೆ ಅದು ಆಸಿಡ್ ಕಾಯಿಲೆ, ಬಗ್ಗದಿದ್ದರೆ ಮಾತ್ರ ಈಸಿನೊಫಿಲಿಕ್ ಎಂಬ ನಿಯಮವಿತ್ತು. 2018ರ ಅಂತಾರಾಷ್ಟ್ರೀಯ ಒಮ್ಮತ ಅದನ್ನು ಕೈಬಿಟ್ಟಿತು. ಯುರೋಪಿನ ಹಲವು ದೇಶಗಳ ಆಸ್ಪತ್ರೆಗಳು ತಮ್ಮ ಮಾಮೂಲಿ ರೋಗಿಗಳನ್ನು ದಾಖಲಿಸುವ ಒಂದು ನೋಂದಣಿಯಿದೆ. ಅದರಲ್ಲಿ ಈ ಮಾತ್ರೆ ತೆಗೆದುಕೊಂಡ 630 ಮಂದಿಯ ಲೆಕ್ಕ 2020ರಲ್ಲಿ ಬಂತು: ಚೂರಿನಲ್ಲಿ ಈಸಿನೊಫಿಲ್ ಎಣಿಕೆ 15ಕ್ಕಿಂತ ಕೆಳಗಿಳಿದವರು 48.8 ಪ್ರತಿಶತ. ಹೆಚ್ಚು ಕಡಿಮೆ ಅರ್ಧಕ್ಕರ್ಧ. ಆಯ್ದ ರೋಗಿಗಳ ಮೇಲೆ ನಡೆದ ಪ್ರಯೋಗವಲ್ಲ, ದಿನನಿತ್ಯದ ಚಿಕಿತ್ಸೆಯಲ್ಲಿ ಸಿಕ್ಕ ಸಂಖ್ಯೆ ಎಂಬುದೇ ಇದರ ಬೆಲೆ.

ಹಾಗಾದರೆ ಗ್ಯಾಸ್ ಮಾತ್ರೆ ನುಂಗುತ್ತಿರುವ ನಮ್ಮವರಲ್ಲಿ ಅರ್ಧ ಜನಕ್ಕೆ ಗೊತ್ತಿಲ್ಲದೆಯೇ ವಾಸಿಯಾಗುತ್ತಿರಬೇಕಲ್ಲ? ಹಾಗಾಗುವುದಿಲ್ಲ. ಈ ಕಾಯಿಲೆಗೆ ಮಾತ್ರೆಯನ್ನು ದಿನಕ್ಕೆರಡು ಸಲ, ಊಟಕ್ಕೆ ಅರ್ಧ ಗಂಟೆ ಮುಂಚೆ, 8ರಿಂದ 12 ವಾರ ಬಿಡದೆ ತೆಗೆದುಕೊಂಡು, ಆಮೇಲೆ ಮತ್ತೆ ಎಂಡೋಸ್ಕೋಪಿ ಮಾಡಿಸಿ ಚೂರು ತೆಗೆಸಿ ನೋಡಬೇಕು. ಊರಿನ ಬಳಕೆ ಹಾಗಿಲ್ಲ: ಉರಿ ಬಂದಾಗ ಒಂದು, ಬಾಡೂಟದ ರಾತ್ರಿ ಒಂದು, ಅದೂ ಉಂಡಮೇಲೆ. ಅಷ್ಟರಲ್ಲಿ ಉರಿ ಅಡಗುತ್ತದೆ, ಕಾಯಿಲೆ ಅಡಗುವುದಿಲ್ಲ. ಇನ್ನೊಂದು ಕಡೆ, ಸರಿಯಾಗಿ ನುಂಗಿದವರು ಎಂಡೋಸ್ಕೋಪಿಗೆ ಬಂದಾಗ ಮಾತ್ರೆಯ ಪ್ರಭಾವದಿಂದ ಎಣಿಕೆ 15ಕ್ಕಿಂತ ಕೆಳಗಿಳಿದು, ಕಾಯಿಲೆ ಇಲ್ಲವೆಂಬ ವರದಿ ಕೈಗೆ ಬರುತ್ತದೆ. ಅದಕ್ಕೇ 2022ರ ಬ್ರಿಟನ್ನಿನ ಮಾರ್ಗಸೂಚಿ, ರೋಗ ಪತ್ತೆಯ ಎಂಡೋಸ್ಕೋಪಿಗೆ ಕನಿಷ್ಠ 3 ವಾರ ಮುಂಚೆ ಈ ಮಾತ್ರೆ ನಿಲ್ಲಿಸಿರಬೇಕು ಎನ್ನುತ್ತದೆ. ಎಲ್ಲರೂ ಮಾತ್ರೆ ಹಾಕಿಕೊಂಡೇ ಬರುವ ನಾಡಿನಲ್ಲಿ ಈ ಒಂದು ಸಾಲು ಪಾಲಿಸುವುದು ಬಲು ಕಷ್ಟ. ‘ಯಾವ ಮಾತ್ರೆ ತಗೋತೀಯಪ್ಪ?’ ಎಂದು ಕೇಳಿದರೆ ಬಿ.ಪಿ., ಶುಗರ್ ಮಾತ್ರೆಯ ಹೆಸರು ಹೇಳುತ್ತಾರೆ. ಗ್ಯಾಸ್ ಮಾತ್ರೆಯನ್ನು ಮಾತ್ರೆಯೆಂದೇ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಮೈಯ ಜಾಯಮಾನವೂ ಇಲ್ಲಿ ಬೇರೆ. ಒಮೆಪ್ರಜೋಲ್ ಜಾತಿಯ ಮಾತ್ರೆಗಳನ್ನು ಯಕೃತ್ತಿನ ಒಂದು ಕಿಣ್ವ ಅರಗಿಸುತ್ತದೆ. ಯುರೋಪಿನವರಿಗೆ ಹೋಲಿಸಿದರೆ ದಕ್ಷಿಣ ಭಾರತದವರಲ್ಲಿ ಅದು ನಿಧಾನವಾಗಿ ಕೆಲಸ ಮಾಡುವವರು ಹೆಚ್ಚು. ಅಂಥವರಲ್ಲಿ ಮಾತ್ರೆ ಮೈಯಲ್ಲಿ ಹೆಚ್ಚು ಹೊತ್ತು ನಿಲ್ಲುತ್ತದೆ, ಅಷ್ಟೇ ಪ್ರಮಾಣ ಹೆಚ್ಚು ಕೆಲಸ ಮಾಡುತ್ತದೆ. ಯುರೋಪಿನ ಪ್ರಮಾಣವನ್ನು ಕಣ್ಣುಮುಚ್ಚಿ ಬರೆಯುವ ಮುನ್ನ ಯೋಚಿಸಬೇಕಾದ ಸಂಗತಿ. ವರ್ಷಗಟ್ಟಲೆ ನುಂಗಿದರೆ ಮೂಳೆ ಸವೆತ, ಬಿ-12 ಕೊರತೆ, ಮೆಗ್ನೀಸಿಯಂ ಇಳಿತ ಎಂಬ ಭಯವೂ ಉಂಟು. 2019ರಲ್ಲಿ ಹೊರಬಂದ, 17 ಸಾವಿರಕ್ಕೂ ಮಿಕ್ಕ ಜನರ ಮೂರು ವರ್ಷದ ಪ್ಯಾಂಟೊಪ್ರಜೋಲ್ ಪ್ರಯೋಗದಲ್ಲಿ ಕರುಳಿನ ಸೋಂಕು ತುಸು ಹೆಚ್ಚಾದದ್ದು ಬಿಟ್ಟರೆ ಬೇರೆ ಅಪಾಯ ಖಚಿತವಾಗಲಿಲ್ಲ. ಬೇಕಾದವರು ಹೆದರಿ ಬಿಡಬೇಕಿಲ್ಲ. ಬೇಡದವರು ಚಟಕ್ಕೆ ನುಂಗಬೇಕಿಲ್ಲ.

ಮದ್ದೇ ಮಾಡದೆ ಬಿಟ್ಟರೆ ಏನಾಗುತ್ತದೆ? ಇದಕ್ಕೂ ಉತ್ತರ ಸ್ವಿಟ್ಜರ್ಲೆಂಡಿನಿಂದಲೇ ಬಂದಿದೆ. ಸ್ಟ್ರೌಮನ್ ತಂಡ 30 ಮಂದಿಯನ್ನು ಸರಾಸರಿ 7 ವರ್ಷಕ್ಕೂ ಹೆಚ್ಚು ಕಾಲ ಗಮನಿಸಿ 2003ರಲ್ಲಿ ಬರೆದದ್ದು: ಯಾರೂ ಸಾಯಲಿಲ್ಲ, ಯಾರಿಗೂ ಕ್ಯಾನ್ಸರ್ ಬರಲಿಲ್ಲ, ಆದರೆ ನುಂಗುವ ತೊಂದರೆ ಬಹುತೇಕ ಎಲ್ಲರಲ್ಲೂ ಉಳಿಯಿತು. ಹತ್ತು ವರ್ಷದ ಮೇಲೆ ಬಂದ ಇನ್ನೊಂದು ಅಧ್ಯಯನ ಈ ಕ್ಷೇತ್ರದ ಅತಿ ಮುಖ್ಯ ಲೆಕ್ಕ ಎಂದು ನನ್ನ ಎಣಿಕೆ. 200 ಸ್ವಿಸ್ ರೋಗಿಗಳಲ್ಲಿ ತೊಂದರೆ ಶುರುವಾದಾಗಿನಿಂದ ಪತ್ತೆಯಾಗುವವರೆಗೆ ಹಿಡಿದ ಕಾಲದ ಮಧ್ಯಾಂಕ 6 ವರ್ಷ. ಎರಡು ವರ್ಷದೊಳಗೆ ಪತ್ತೆಯಾದವರಲ್ಲಿ ಅನ್ನನಾಳ ಕಿರಿದಾಗಿದ್ದು 17 ಪ್ರತಿಶತ ಮಂದಿಗೆ. 20 ವರ್ಷ ಮೀರಿ ತಡವಾದವರಲ್ಲಿ 71 ಪ್ರತಿಶತ. ಆರಂಭದಲ್ಲಿ ಬರೀ ಊತ, ಬಿಳಿ ಚುಕ್ಕೆ, ಉದ್ದುದ್ದ ಗೆರೆ. ವರ್ಷಗಳು ಕಳೆದಂತೆ ಉರಿಯೂತವಿದ್ದ ಕಡೆ ಗಾಯದ ಅಂಗಾಂಶ ಬೆಳೆದು, ಒಳಗೋಡೆ ಬಳೆಬಳೆಯಾಗಿ ಬಿಗಿಯುತ್ತದೆ. ಆ ಹಂತಕ್ಕೆ ಹೋದ ಮೇಲೆ ಈಸಿನೊಫಿಲ್ ಇಳಿದರೂ ದಾರಿ ಅಗಲವಾಗುವುದಿಲ್ಲ.

ಮುದ್ದೆ ಸೀಮೆಯ ಹೊಂದಾಣಿಕೆ ಇಲ್ಲಿ ಅಪಾಯಕ್ಕೆ ದಾರಿಯಾಗುತ್ತದೆ. ಉಂಡೆ ಚಿಕ್ಕದು ಮಾಡಿಕೊಂಡು ಹೋದಷ್ಟೂ ಪತ್ತೆ ತಡ, ತಡವಾದಷ್ಟೂ ನಾಳ ಕಿರಿದು. ಕೊನೆಗೆ ಒಂದು ದಿನ ಬೀಗರೂಟದಲ್ಲಿ ಮರ್ಯಾದೆಗೆಂದು ನಾಟಿಕೋಳಿಯ ತುಂಡೊಂದನ್ನು ಬಾಯಿಗಿಟ್ಟಾಗ ಅದು ಎದೆಯ ನಡುವೆ ನಿಂತುಬಿಡುತ್ತದೆ. ಮೇಲೂ ಬರದು, ಕೆಳಗೂ ಹೋಗದು, ಉಗುಳೂ ಇಳಿಯದು. ಮೀನಿನ ಮುಳ್ಳು ಸಿಕ್ಕಿಕೊಂಡವರಿಗೆ ಬಾಳೆಹಣ್ಣೋ ಅನ್ನದ ಉಂಡೆಯೋ ನುಂಗಿಸುವ ರೂಢಿಯಂತೆ ಇಲ್ಲೂ ಮೇಲಿಂದ ಇನ್ನೊಂದು ತುತ್ತು ದೂಕಲು ಹೋಗುತ್ತಾರೆ. ಅದು ಕೂಡದು. ಉಗುಳು ಇಳಿಯದಿದ್ದರೆ ಕೆಲವೇ ಗಂಟೆಗಳ ಒಳಗೆ ಎಂಡೋಸ್ಕೋಪಿ ಆಗಬೇಕು. ಎದೆನೋವೆಂದು ಹೃದಯದ ಇಸಿಜಿ ಮಾಡಿಸಿ ‘ಏನೂ ಇಲ್ಲ’ ಎಂದು ಮನೆಗೆ ಕಳಿಸಿಬಿಡುವಂತಿಲ್ಲ. ಮುಖ್ಯವಾದದ್ದು ಇನ್ನೊಂದಿದೆ: ತುಂಡನ್ನು ತೆಗೆಯುವ ಎಂಡೋಸ್ಕೋಪಿಯಲ್ಲೇ, ಇಲ್ಲವೇ ಕೆಲ ವಾರದೊಳಗೆ, ಅನ್ನನಾಳದ ಮೇಲೆ ಕೆಳಗೆ ಎರಡು ಕಡೆಯಿಂದ ಒಟ್ಟು ಆರು ಚೂರು ತೆಗೆಯಬೇಕು. ಕಾಯಿಲೆ ಅಲ್ಲಲ್ಲಿ ತೇಪೆಯಾಗಿರುವುದರಿಂದ ಒಂದೇ ಚೂರಿಗೆ ಸಿಗದೆ ಹೋಗಬಹುದು. ಪಶ್ಚಿಮದ ದೇಶಗಳಲ್ಲಿ ಹೀಗೆ ಊಟ ಸಿಕ್ಕಿಕೊಂಡು ಬರುವವರಲ್ಲಿ ಅರ್ಧದಷ್ಟು ಮಂದಿಗೆ ಇದೇ ಕಾಯಿಲೆ. ತುಂಡು ತೆಗೆದು ‘ಇನ್ನು ಚೆನ್ನಾಗಿ ಅಗಿದು ತಿನ್ನಿ’ ಎಂದು ಕಳಿಸಿದರೆ ಅವಕಾಶ ಕೈತಪ್ಪಿದಂತೆ.

ನುಂಗಲು ಕಷ್ಟ ಎಂದಕೂಡಲೇ ಊರವರ ಬಾಯಿಗೆ ಬರುವ ಹೆಸರು ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆ. ಆ ಭಯ ನಿರಾಧಾರವಲ್ಲ. ಐವತ್ತು ದಾಟಿದವರು, ಎಲೆ ಅಡಿಕೆ ಹೊಗೆಸೊಪ್ಪಿನವರು, ಬೀಡಿಯವರು ತೂಕ ಇಳಿದು ನುಂಗಲಾಗದೆ ಬಂದರೆ ಮೊದಲು ಹುಡುಕಬೇಕಾದದ್ದು ಕ್ಯಾನ್ಸರನ್ನೇ. ಈಸಿನೊಫಿಲಿಕ್ ಕಾಯಿಲೆಯವರು ಸಾಮಾನ್ಯವಾಗಿ ಬೇರೆ ಥರ: ಇಪ್ಪತ್ತರಿಂದ ನಲವತ್ತರ ಗಂಡಸರು ಹೆಚ್ಚು, ವರ್ಷಗಳಿಂದ ಬಂದು ಹೋಗುವ ತೊಂದರೆ, ಜೊತೆಗೆ ಆಸ್ತಮಾ, ಮೈತುರಿಕೆ, ಸೀನು. ಕಾಂಗ್ರೆಸ್ ಗಿಡ ಹೂಬಿಟ್ಟಾಗ ಮೂಗು ಸೋರಿಸುತ್ತಾ ಬರುವ ಯುವಕನನ್ನು ‘ಊಟ ಎಲ್ಲಾದರೂ ಸಿಕ್ಕಿಕೊಳ್ಳುತ್ತದಾ?’ ಎಂದು ಒಂದು ಮಾತು ಕೇಳಲು ಖರ್ಚೇನೂ ಇಲ್ಲ. ಮಕ್ಕಳಲ್ಲಿ ಲಕ್ಷಣ ಇನ್ನೂ ಮಸುಕು: ಊಟ ಬೇಡವೆನ್ನುವುದು, ಪದೇ ಪದೇ ವಾಂತಿ, ತೂಕ ಏರದಿರುವುದು. ಇದನ್ನು ಹಟವೆಂದೋ ದೃಷ್ಟಿಯೆಂದೋ ತೆಗೆದುಹಾಕುವುದೇ ಹೆಚ್ಚು.

ಮಾತ್ರೆಗೆ ಬಗ್ಗದ ಉಳಿದರ್ಧ ಮಂದಿಗೆ ಎರಡನೆಯ ಮದ್ದು ಸ್ಟೀರಾಯ್ಡ್. ಮೈಗೆಲ್ಲ ಏರುವ ಬಗೆಯದಲ್ಲ, ನುಂಗುವಾಗ ಅನ್ನನಾಳಕ್ಕೆ ಸವರಿ ಹೋಗುವ ಬಗೆ. 1998ರಲ್ಲಿ ಅಮೆರಿಕದ ವೈದ್ಯರು ಆಸ್ತಮಾದ ಫ್ಲೂಟಿಕಾಸೋನ್ ಇನ್‌ಹೇಲರನ್ನು ಉಸಿರಿಗೆಳೆಯದೆ ಬಾಯಿಗೆ ಊದಿಸಿ ನುಂಗಿಸಿದ್ದು ಇದರ ಶುರು. ಆಮೇಲೆ ನೆಬ್ಯುಲೈಸರಿಗೆ ಹಾಕುವ ಬುಡೆಸೊನೈಡ್ ದ್ರವವನ್ನು ಜೇನುತುಪ್ಪದಂಥ ಮಂದ ಪದಾರ್ಥದಲ್ಲಿ ಕಲಸಿ ನುಂಗಿಸುವುದು ಬಂತು. ಅದಕ್ಕೆಂದೇ ತಯಾರಾದ, ಬಾಯಲ್ಲಿ ಕರಗುವ ಬುಡೆಸೊನೈಡ್ ಮಾತ್ರೆಗೆ ಯುರೋಪಿನಲ್ಲಿ ಅನುಮತಿ ಸಿಕ್ಕಿದ್ದು 2018ರಲ್ಲಿ. ಅಮೆರಿಕದಲ್ಲಿ ಬಾಯಿಂದ ಕುಡಿಯುವ ದ್ರಾವಣಕ್ಕೆ 2024ರಲ್ಲಿ. ನಾಗಮಂಗಲದ ಅಂಗಡಿಯಲ್ಲಿ ಇವು ಸಿಗದಿದ್ದರೆ ಚಿಂತೆಯಿಲ್ಲ. ಬುಡೆಸೊನೈಡಿನ ನೆಬ್ಯುಲೈಸರ್ ದ್ರವ ಆಸ್ತಮಾದ ಮಕ್ಕಳಿಗೆಂದು ಎಲ್ಲೆಡೆ ಮಾರಾಟವಾಗುತ್ತದೆ. ವೈದ್ಯರು ಪ್ರಮಾಣ ಬರೆದುಕೊಟ್ಟರೆ ಮನೆಯಲ್ಲೇ ಜೇನಿನಲ್ಲಿ ಕಲಸಿಕೊಳ್ಳಬಹುದು. ನುಂಗಿದ ಮೇಲೆ ಅರ್ಧ ಗಂಟೆ ನೀರೂ ಕುಡಿಯಬಾರದು, ಇಲ್ಲವಾದರೆ ಮದ್ದೆಲ್ಲ ಹೊಟ್ಟೆಗೆ ತೊಳೆದುಹೋಗುತ್ತದೆ. ರಾತ್ರಿ ಮಲಗುವ ಮುಂಚಿನ ಹೊತ್ತು ಇದಕ್ಕೆ ಅನುಕೂಲ.

ದೀರ್ಘಕಾಲದ ಪ್ರಶ್ನೆ ನಿಜವಾಗಿ ಬಿಗಿಯಾಗುವುದು ಇಲ್ಲಿ. ಕರಗುವ ಮಾತ್ರೆಯ 48 ವಾರಗಳ ಪ್ರಯೋಗದಲ್ಲಿ ಮದ್ದು ಮುಂದುವರಿಸಿದವರಲ್ಲಿ ನಾಲ್ಕರಲ್ಲಿ ಮೂರು ಪಾಲು ಆರಾಮಾಗಿ ಉಳಿದರು. ಬದಲಿಗೆ ಹುಸಿ ಮಾತ್ರೆ ಸಿಕ್ಕವರಲ್ಲಿ ಉಳಿದದ್ದು ನೂರಕ್ಕೆ ಐವರೂ ಇಲ್ಲ. ಅಂದರೆ ಮದ್ದು ಕಾಯಿಲೆಯನ್ನು ಹಿಡಿದಿಡುತ್ತದೆ, ಅಳಿಸುವುದಿಲ್ಲ. ಪ್ರಯೋಗದ ಆಚೆ ಚಿತ್ರ ಇನ್ನೂ ಒರಟು. ಅಮೆರಿಕದ ನಾರ್ತ್ ಕೆರೊಲೈನಾದಲ್ಲಿ ಮೊದಲ ಸುತ್ತಿಗೆ ಗುಣ ಕಂಡು ಕಡಿಮೆ ಪ್ರಮಾಣದಲ್ಲಿ ಮುಂದುವರಿದವರ ಪೈಕಿ ಅರ್ಧಕ್ಕಿಂತ ಹೆಚ್ಚು ಮಂದಿಯಲ್ಲಿ ಕಾಯಿಲೆ ಮರಳಿತು. ಸ್ವಿಟ್ಜರ್ಲೆಂಡಿನಲ್ಲಿ ಬಹುಕಾಲ ಪೂರ್ತಿ ಶಾಂತವಾಗಿದ್ದವರಿಗೆ ಮದ್ದು ನಿಲ್ಲಿಸಿ ನೋಡಿದಾಗ ಐವರಲ್ಲಿ ನಾಲ್ವರಿಗೆ ತಿಂಗಳುಗಳಲ್ಲೇ ಮತ್ತೆ ಶುರುವಾಯಿತು. ಬಾಯಿ, ಅನ್ನನಾಳದಲ್ಲಿ ಬಿಳಿ ಬೂಷ್ಟು ಕಟ್ಟುವುದು ಈ ಸ್ಟೀರಾಯ್ಡಿನ ಸಾಮಾನ್ಯ ಅಡ್ಡಪರಿಣಾಮ. ಬೂಷ್ಟಿನ ಮದ್ದಿನಿಂದ ಅದು ಹೋಗುತ್ತದೆ. ನಮ್ಮ ಸೀಮೆಯಲ್ಲಿ ಶುಗರ್ ಕಾಯಿಲೆ ಇಷ್ಟು ಹಬ್ಬಿರುವಾಗ ಅದರತ್ತ ಒಂದು ಕಣ್ಣು ಹೆಚ್ಚೇ ಇರಲಿ. ಮಕ್ಕಳಿಗಾದರೆ ಎತ್ತರ ಬೆಳೆಯುತ್ತಿದೆಯೇ ಎಂದು ಅಳೆಯುತ್ತಿರಬೇಕು.

ಇನ್ನು ಪಥ್ಯ. ಇದರ ಬಗ್ಗೆ ತುಸು ಹೆಚ್ಚು ಬರೆಯಬೇಕು, ಏಕೆಂದರೆ ಪಶ್ಚಿಮದ ಪಟ್ಟಿ ನಮ್ಮ ತಟ್ಟೆಗೆ ಹೊಂದುವುದಿಲ್ಲ. ಅಲ್ಲಿ ‘ಆರು ಆಹಾರ’ದ ಪಥ್ಯ ಪ್ರಸಿದ್ಧ: ಹಾಲು, ಗೋಧಿ, ಮೊಟ್ಟೆ, ಸೋಯಾ, ಕಡಲೆಕಾಯಿ-ಗೋಡಂಬಿಯಂಥ ಬೀಜಗಳು, ಮೀನು-ಸೀಗಡಿ. ಆರನ್ನೂ ಬಿಟ್ಟರೆ ಹಳೆಯ ಅಧ್ಯಯನಗಳಲ್ಲಿ ನೂರಕ್ಕೆ ಎಪ್ಪತ್ತರಷ್ಟು ಮಂದಿಗೆ ಎಣಿಕೆ ಇಳಿದಿತ್ತು. ಆಮೇಲೆ ಒಂದೊಂದನ್ನೇ ಸೇರಿಸುತ್ತಾ, ಪ್ರತಿ ಸಲ ಎಂಡೋಸ್ಕೋಪಿ ಮಾಡಿಸುತ್ತಾ ತಪ್ಪಿತಸ್ಥನನ್ನು ಹಿಡಿಯಬೇಕು. ಇಷ್ಟು ಎಂಡೋಸ್ಕೋಪಿಗೆ ಯಾರು ಒಪ್ಪುತ್ತಾರೆ? 2023ರಲ್ಲಿ ಅಮೆರಿಕದ 129 ವಯಸ್ಕರ ಮೇಲೆ ನಡೆದ ಪ್ರಯೋಗ ಒಳ್ಳೆಯ ಸುದ್ದಿ ತಂದಿತು: ಬರೀ ಹಾಲು ಮತ್ತು ಹಾಲಿನ ಪದಾರ್ಥ ಬಿಟ್ಟವರಲ್ಲಿ 34 ಪ್ರತಿಶತ, ಆರನ್ನೂ ಬಿಟ್ಟವರಲ್ಲಿ 40 ಪ್ರತಿಶತ ಮಂದಿಗೆ ಎಣಿಕೆ ಇಳಿಯಿತು. ವ್ಯತ್ಯಾಸ ಲೆಕ್ಕಕ್ಕೆ ಬರುವಷ್ಟಿಲ್ಲ. ಹಾಗಾಗಿ ಮೊದಲು ಹಾಲೊಂದನ್ನೇ ಬಿಟ್ಟು ನೋಡಿ ಎನ್ನುವುದು ಈಗಿನ ಜಾಣ ದಾರಿ.

ಗೋಧಿ ಬಿಡುವುದು ಮಂಡ್ಯದಲ್ಲಿ ಕಷ್ಟವೇ ಅಲ್ಲ; ರಾಗಿ, ಅಕ್ಕಿ ಇರುವ ಮನೆಗೆ ಚಪಾತಿ, ಬನ್ನು, ಬಿಸ್ಕತ್ತು ನಿಲ್ಲಿಸಿದರಾಯಿತು. ಯುರೋಪಿನವರಿಗೆ ಅತಿ ದುಬಾರಿಯಾದ ಪಥ್ಯ ಇಲ್ಲಿ ಹಳ್ಳಿಯ ಮಾಮೂಲಿ ಊಟ. ಹಾಲು ಮಾತ್ರ ಬೇರೆ ವಿಷಯ. ಗೆಜ್ಜಲಗೆರೆಯ ಡೇರಿಗೆ ಹಾಲು ಹೋಗುವ ಜಿಲ್ಲೆಯಿದು. ಎರಡು ಹಸು ಕಟ್ಟಿ ಬಟವಾಡೆಯ ದುಡ್ಡಲ್ಲಿ ಸಂಸಾರ ತೂಗಿಸುವ ಮನೆಯಲ್ಲಿ ಕಾಫಿ, ಮೊಸರು, ಮಜ್ಜಿಗೆ, ತುಪ್ಪ ಎಲ್ಲ ಬಿಡು ಎಂದರೆ ಅದು ಮದ್ದಿಗಿಂತ ಕಹಿ. ಹಬ್ಬಕ್ಕೆ ಕರೆದು ಪಾಯಸ ಬಡಿಸಿದವರಿಗೆ ಬೇಡವೆನ್ನುವುದು ಇನ್ನೂ ಕಷ್ಟ. ಸೋಯಾ ಮನೆಯಲ್ಲಿ ಇಲ್ಲದಿದ್ದರೂ ಬೇಕರಿ ತಿಂಡಿಗಳಲ್ಲಿ, ಅಂಗಡಿಯ ಎಣ್ಣೆಯಲ್ಲಿ ಇರಬಹುದು. ನನ್ನ ಗಮನ ಸೆಳೆದದ್ದು ಸ್ಪೇನಿನ ಒಂದು ಅಧ್ಯಯನ. 2013ರ ಅದರಲ್ಲಿ ಬೇಳೆಕಾಳುಗಳನ್ನೂ ಪಟ್ಟಿಗೆ ಸೇರಿಸಿದ್ದರು. ಪ್ರಚೋದಕ ಗುರುತಾದವರಲ್ಲಿ ಹಾಲು ಎಲ್ಲಕ್ಕಿಂತ ಮುಂದಿತ್ತು, ಸುಮಾರು ಕಾಲುಭಾಗ ಮಂದಿಗೆ ಬೇಳೆಕಾಳೇ ಕೆರಳಿಸುವ ಆಹಾರವಾಗಿತ್ತು. ಸ್ಪೇನಿನವರು ಬೇಳೆಕಾಳು ಚೆನ್ನಾಗಿ ತಿನ್ನುವವರು. ನಾವು ಅವರಿಗಿಂತ ಮುಂದೆ: ತೊಗರಿ, ಹುರುಳಿ, ಅವರೆ, ಅಲಸಂದೆ, ಹೆಸರು. ಹುರುಳಿಕಟ್ಟಿನ ಸಾರು, ಅವರೆಕಾಳು ಸಾರು ಇಲ್ಲದ ಮಾಗಿಯುಂಟೇ? ಅಮೆರಿಕದ ಪಟ್ಟಿ ಹಿಡಿದು ನಾಗಮಂಗಲದಲ್ಲಿ ಪಥ್ಯ ಹೇಳುವವರು ಈ ಕಾಳುಗಳನ್ನು ಮರೆತರೆ ತಪ್ಪಿತಸ್ಥ ತಟ್ಟೆಯಲ್ಲೇ ಕುಳಿತಿರುತ್ತಾನೆ. ಚರ್ಮದ ಮೇಲೆ ಚುಚ್ಚಿ ನೋಡುವ ಅಲರ್ಜಿ ಪರೀಕ್ಷೆ, ರಕ್ತದ ಐಜಿಇ ಪರೀಕ್ಷೆ ಇಲ್ಲಿ ನೆಚ್ಚುವಂಥವಲ್ಲ, ಏಕೆಂದರೆ ಈ ಕಾಯಿಲೆಯ ಅಲರ್ಜಿ ಬೇರೆ ದಾರಿಯದು. ಸಾವಿರಾರು ರೂಪಾಯಿ ತೆತ್ತು ನೂರು ಪದಾರ್ಥಗಳ ಅಲರ್ಜಿ ಪಟ್ಟಿ ತರಿಸಿಕೊಂಡು ಬದನೆಕಾಯಿ ಬಿಟ್ಟು ಕೂತವರಿಗೆ ಹೇಳಬೇಕಾದ ಮಾತಿದು.

ಹೊಸ ಚುಚ್ಚುಮದ್ದಿನ ವಿಷಯ ಬೇಗ ಮುಗಿಸಬಹುದು. ಡುಪಿಲುಮ್ಯಾಬ್ ಎಂಬ ಪ್ರತಿಕಾಯವನ್ನು 2022ರ ಮೇ ತಿಂಗಳಲ್ಲಿ ಅಮೆರಿಕ 12 ವರ್ಷ ಮೇಲ್ಪಟ್ಟವರಿಗೆ ಒಪ್ಪಿತು, 2024ರಲ್ಲಿ ಒಂದು ವರ್ಷದ ಮಕ್ಕಳವರೆಗೂ ವಿಸ್ತರಿಸಿತು. ವಯಸ್ಕರಿಗೆ ವಾರಕ್ಕೊಂದು ಚುಚ್ಚುಮದ್ದು. 24 ವಾರಕ್ಕೆ ಸುಮಾರು 60 ಪ್ರತಿಶತ ಮಂದಿಗೆ ಎಣಿಕೆ ಇಳಿಯಿತು. ವರ್ಷಕ್ಕೆ ಲಕ್ಷಗಟ್ಟಲೆ ಬೀಳುವ ಮದ್ದು, ಅದೂ ನಿಲ್ಲಿಸುವಂತಿಲ್ಲ. ಬೇರೆಲ್ಲ ಮದ್ದೂ ಸೋತವರಿಗೆ ಮಾತ್ರ. ಇದಕ್ಕಿಂತ ಕುತೂಹಲದ್ದು ಸೋತ ಇನ್ನೊಂದು ಮದ್ದು. ಬೆನ್ರಲಿಜುಮ್ಯಾಬ್ ಈಸಿನೊಫಿಲ್‌ಗಳನ್ನೇ ಕೊಲ್ಲುತ್ತದೆ. 2024ರ ವರದಿಯಲ್ಲಿ 87 ಪ್ರತಿಶತ ಮಂದಿಯ ಅನ್ನನಾಳ ಆ ಕಣಗಳಿಂದ ಬಹುಮಟ್ಟಿಗೆ ಖಾಲಿಯಾಯಿತು, ಆದರೆ ನುಂಗುವ ಕಷ್ಟ ಹುಸಿಮದ್ದು ತೆಗೆದುಕೊಂಡವರಿಗಿಂತ ಒಂದಿಷ್ಟೂ ತಗ್ಗಲಿಲ್ಲ. ಕಾಯಿಲೆಯ ಹೆಸರಿನಲ್ಲಿರುವ ಕಣವೊಂದೇ ಕಾಯಿಲೆಯಲ್ಲ ಎಂದಾಯಿತು. ಈಗಾಗಲೇ ಕಿರಿದಾದ ನಾಳವನ್ನು ಬಲೂನಿನಿಂದಲೋ ಕೊಳವೆಯಿಂದಲೋ ಹಿಗ್ಗಿಸುವುದು ಬೇರೆ ಉಪಾಯ. ನುರಿತ ಕೈಯಲ್ಲಿ ನಾಳ ಹರಿಯುವ ಅಪಾಯ ನೂರಕ್ಕೆ ಒಂದಕ್ಕಿಂತ ಕಡಿಮೆ, ನುಂಗುವುದು ತಕ್ಷಣ ಸಲೀಸು. ಅದಾದ ಮೇಲೆ ವಾಸಿಯಾಯಿತೆಂದು ಮದ್ದು ಬಿಡುವವರೇ ಬಹಳ. ಒಳಗಿನ ಉರಿಯೂತ ಹಾಗೇ ಇರುತ್ತದೆ.

ಎಲ್ಲ ಅಧ್ಯಯನಗಳಲ್ಲೂ ಮತ್ತೆ ಮತ್ತೆ ಕಾಣುವ ಒಂದು ಸಂಗತಿ ಈ ಸೀಮೆಗೆ ಹೆಚ್ಚು ಅನ್ವಯಿಸುತ್ತದೆ: ರೋಗಿಗೆ ಹೇಗನಿಸುತ್ತದೆ ಎಂಬುದಕ್ಕೂ ಅನ್ನನಾಳ ಹೇಗಿದೆ ಎಂಬುದಕ್ಕೂ ಪೂರ್ತಿ ತಾಳೆಯಾಗುವುದಿಲ್ಲ. ‘ಈಗ ಆರಾಮ್ ಸಾರ್’ ಎಂದವನ ಚೂರಿನಲ್ಲಿ ಈಸಿನೊಫಿಲ್ ತುಂಬಿರಬಹುದು. ಅವನು ಉಂಡೆ ಚಿಕ್ಕದು ಮಾಡಿಕೊಂಡಿರುತ್ತಾನೆ ಅಷ್ಟೆ. ಚಿಕಿತ್ಸೆಯ ನಡುವೆ ಎರಡು ವರ್ಷಕ್ಕೂ ಹೆಚ್ಚು ಕಾಲ ಆಸ್ಪತ್ರೆಯ ಸಂಪರ್ಕ ತಪ್ಪಿದವರಲ್ಲಿ ನಾಳ ಇನ್ನಷ್ಟು ಕಿರಿದಾಗಿದ್ದನ್ನು ನಾರ್ತ್ ಕೆರೊಲೈನಾದವರೇ ತೋರಿಸಿದ್ದಾರೆ. ಹಾಗೆ ನೋಡಿದರೆ ನಮ್ಮಲ್ಲಿ ಕೊರತೆಯಿರುವುದು ಮದ್ದಿನದ್ದಲ್ಲ. ಪ್ಯಾಂಟೊಪ್ರಜೋಲ್ ಜನೌಷಧಿಯಲ್ಲಿ ಚಿಲ್ಲರೆ ಕಾಸಿಗೆ ಸಿಗುತ್ತದೆ, ಬುಡೆಸೊನೈಡ್ ಕೈಗೆಟುಕುವಂಥದ್ದು, ರಾಗಿ ಮನೆಯಲ್ಲೇ ಇದೆ. ಕೊರತೆ ಎರಡನೆಯ ಎಂಡೋಸ್ಕೋಪಿಯದ್ದು.

ನಾಲ್ಕು ತಾಲ್ಲೂಕಿನ ಭೂಗೋಳವೂ ಇದಕ್ಕೆ ಕಾರಣ. ಬಾಲಗಂಗಾಧರನಾಥ ಸ್ವಾಮೀಜಿಯವರು 1986ರಲ್ಲಿ ನಾಗಮಂಗಲ ತಾಲ್ಲೂಕಿನ ಬಿ.ಜಿ. ನಗರದಲ್ಲಿ ಆದಿಚುಂಚನಗಿರಿ ವೈದ್ಯಕೀಯ ವಿಜ್ಞಾನ ಸಂಸ್ಥೆ ತೆರೆದದ್ದು ನಗರಗಳಿಂದ ದೂರದ ಈ ಬಯಲಿಗೆ ದೊಡ್ಡ ಆಸ್ಪತ್ರೆ ತಂದಿತು; 2018ರಲ್ಲಿ ಅದರ ಸುತ್ತ ವಿಶ್ವವಿದ್ಯಾಲಯವೂ ಆಯಿತು. ನಾಗಮಂಗಲದವರಿಗೆ ಅದು ಹತ್ತಿರ. ಶ್ರೀರಂಗಪಟ್ಟಣ, ಪಾಂಡವಪುರದವರಿಗೆ ಮೈಸೂರಿನ ಕೆ.ಆರ್. ಆಸ್ಪತ್ರೆಯೋ ಮಂಡ್ಯದ ಮಿಮ್ಸೋ ಹತ್ತಿರ. ಕೆ.ಆರ್. ಪೇಟೆಯವರು ಹಾಸನದ ಕಡೆಗೂ ಹೋಗಿಯಾರು. ಕೆಲಸಕ್ಕೆ ಬೆಂಗಳೂರು ಸೇರಿದ ಹುಡುಗನ ಮೊದಲ ಎಂಡೋಸ್ಕೋಪಿ ಅಲ್ಲಿ, ಎರಡನೆಯದು ಊರಿಗೆ ಬಂದಾಗ ಇಲ್ಲಿ. ಒಬ್ಬನದೇ ಅನ್ನನಾಳದ ಚರಿತ್ರೆ ಮೂರು ಊರಿನ ಮೂರು ಕಡತಗಳಲ್ಲಿ ಹಂಚಿಹೋಗುತ್ತದೆ. ಎರಡನೆಯ ಚೂರಿನ ಎಣಿಕೆಗೆ ಅರ್ಥ ಬರುವುದು ಮೊದಲ ಎಣಿಕೆಯ ಪಕ್ಕದಲ್ಲಿಟ್ಟಾಗ ಮಾತ್ರ. ಆಧಾರ್‌ಗೆ ಜೋಡಿಸಿ ಪಡೆಯುವ ಆಭಾ ಎಂಬ ಆರೋಗ್ಯ ಖಾತೆ ಸಂಖ್ಯೆಯಲ್ಲಿ ವರದಿಗಳನ್ನು ಒಟ್ಟುಗೂಡಿಸಬಹುದು ಎನ್ನುತ್ತಾರೆ. ಅದು ಎಲ್ಲೆಡೆ ಬಳಕೆಗೆ ಬರುವವರೆಗೆ ವರದಿಯ ಪ್ರತಿ, ಸಾಧ್ಯವಾದರೆ ಚೂರಿನ ಗಾಜುಪಟ್ಟಿಯನ್ನೂ, ರೋಗಿಯೇ ಇಟ್ಟುಕೊಳ್ಳುವುದು ಒಳಿತು. ವರದಿಯಲ್ಲಿ ‘ದೀರ್ಘಕಾಲದ ಉರಿಯೂತ’ ಎಂದಷ್ಟೇ ಬರೆದು, ಈಸಿನೊಫಿಲ್ ಎಣಿಕೆ ಬರೆಯದಿದ್ದರೆ ಕೇಳಿ ಬರೆಸಿಕೊಳ್ಳಬೇಕು. ಎಣಿಕೆಯಿಲ್ಲದ ವರದಿಯಿಂದ ಚಿಕಿತ್ಸೆ ಮುಂದೆ ಸಾಗದು.

ದುಡ್ಡಿನ ಪ್ರಶ್ನೆ ಉಳಿದಿದೆ. ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕವಾಗಲಿ ಯಶಸ್ವಿನಿಯಾಗಲಿ ಹೆಚ್ಚಾಗಿ ಒಳರೋಗಿಗಳ ಚಿಕಿತ್ಸೆಗೆ. ವರ್ಷಗಟ್ಟಲೆ ಹೊರರೋಗಿಯಾಗಿ ಮಾತ್ರೆ, ಪರೀಕ್ಷೆ ನಡೆಸಬೇಕಾದ ಇಂಥ ಕಾಯಿಲೆಗೆ ಅವುಗಳಿಂದ ಸಿಗುವುದು ಅಲ್ಪ. ವಿದೇಶಗಳಲ್ಲಿ ಮೂಗಿನ ಮೂಲಕ ಬಿಡುವ ಸಣ್ಣ ಎಂಡೋಸ್ಕೋಪ್, ದಾರಕ್ಕೆ ಕಟ್ಟಿದ ಗುಳಿಗೆ ನುಂಗಿಸಿ ಹೊರಗೆಳೆದು ಅಂಟಿದ ದ್ರವದಲ್ಲಿ ಉರಿಯೂತ ಅಳೆಯುವ ವಿಧಾನಗಳು ಬಂದಿವೆ. ಇಲ್ಲಿಗೆ ಅವು ಬರುವ ತನಕ ಮಾಮೂಲಿ ಎಂಡೋಸ್ಕೋಪಿಯೇ ಗತಿ, ಆದರೆ ಅದು ನಮ್ಮಲ್ಲಿ ಅಷ್ಟು ದುಬಾರಿಯೂ ಅಲ್ಲ, ಭಾರವೂ ಅಲ್ಲ. ಅಮೆರಿಕದಲ್ಲಿ ಮಂಪರು ಬರಿಸಿ, ಜೊತೆಗೊಬ್ಬ ಬೇಕು, ಆ ದಿನ ಗಾಡಿ ಓಡಿಸುವಂತಿಲ್ಲ ಎಂಬ ಕಟ್ಟುಪಾಡು. ನಮ್ಮ ಆಸ್ಪತ್ರೆಗಳಲ್ಲಿ ಗಂಟಲಿಗೆ ಮರಗಟ್ಟಿಸುವ ಮದ್ದು ಸಿಂಪಡಿಸಿ ಹತ್ತು ನಿಮಿಷದಲ್ಲಿ ಮುಗಿಸುವುದೇ ಹೆಚ್ಚು. ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಬಂದವರು ಚೂರು ಕೊಟ್ಟು, ಗಂಟಲಿನ ಜೋಮು ಬಿಟ್ಟ ಮೇಲೆ ಏನಾದರೂ ತಿಂದು, ಮಧ್ಯಾಹ್ನದ ಬಸ್ಸಿಗೆ ಊರು ಸೇರಬಹುದು.